ಪಂಚಾಂಗದಲ್ಲಿಲ್ಲದ ಗ್ರಹಣ

ಕಲ್ಕತ್ತೆಗೆ ರೈಲಿನಲ್ಲಿ ಹೋದೆ, ವಿಮಾನದಲ್ಲಿ ಬಂದೆ. ಹೋದ ದಾರಿಯ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ಎರಡು ರಾತ್ರಿಯ ಪ್ರಯಾಣ. ಮೇಲಿನ ಬರ್ತಿನಲ್ಲಿ ಬಗ್ಗಿ ಕೂತು ಕಾಲೇಜಿನ ಉತ್ತರಪತ್ರಿಕೆ ತಿದ್ದಿದೆ. ಇಳಿಯುವಾಗ ಬೆನ್ನು ಹಲಗೆಯಂತಾಗಿತ್ತು. ಅಕ್ಕನನ್ನು ಬಾಣಂತನಕ್ಕೆ ಭದ್ರಾವತಿಗೆ ಕರೆತರುವುದು ನನ್ನ ಕೆಲಸ. ಅವಳಿಗೆ ಏಳು ತಿಂಗಳು. ಭಾವನಿಗೆ ರಜೆ ಸಿಕ್ಕಿರಲಿಲ್ಲ. ಅಷ್ಟು ದೂರದ ರೈಲು ಬೇಡವೆಂದು ಡಾಕ್ಟರು ಹೇಳಿದ್ದರಿಂದ ಬೆಂಗಳೂರಿನವರೆಗೆ ವಿಮಾನದ ಟಿಕೆಟ್ ತೆಗೆಸಿದ್ದರು.

ಟಿಕೆಟ್ ಸಿಕ್ಕಿದ್ದು ಹುಣ್ಣಿಮೆಯ ದಿನಕ್ಕೆ. ಅವತ್ತು ಚಂದ್ರಗ್ರಹಣ ಎಂದು ಭಾವನ ಆಫೀಸಿನಲ್ಲಿ ಯಾರೋ ಹೇಳಿದರಂತೆ. ಅಕ್ಕ ಟಿಕೆಟ್ ವಾಪಸ್ ಮಾಡಿಸಿ ಎಂದು ಹಟ ಹಿಡಿದಳು. ಕಾರಣವಿತ್ತು. ಹಿಂದೆ ಎರಡು ಸಲ ಅವಳ ಬಸಿರು ನಿಂತಿರಲಿಲ್ಲ. ಎರಡನೆಯ ಸಲ, ಅದಕ್ಕೆ ಕೆಲವು ವಾರ ಮೊದಲು, ಗ್ರಹಣವಿದ್ದದ್ದು ಮರೆತು ತಾರಸಿಗೆ ಹೋಗಿ ಒಣಗಿದ ಬಟ್ಟೆ ತಂದಿದ್ದಳು. ಆಸ್ಪತ್ರೆಗೆ ನೋಡಲು ಬಂದ ದೊಡ್ಡಮ್ಮ ಅದನ್ನೇ ಹಿಡಿದು, "ಗ್ರಹಣದಲ್ಲಿ ಹೊರಗೆ ಹೋಗಿದ್ಯಲ್ಲೇ, ಇನ್ನೇನಾಗುತ್ತೆ" ಎಂದುಬಿಟ್ಟರು. ಆ ಮಾತು ಅವಳೊಳಗೆ ಕೂತುಬಿಟ್ಟಿತು. ವಿಜ್ಞಾನ ಓದಿದ ನಾನು ಏನು ಹೇಳಿದರೂ ಅದು ಏಳಲಿಲ್ಲ.

ಕೊನೆಗೆ ಅಪ್ಪ ಫೋನಿನಲ್ಲಿ ತೀರ್ಪು ಕೊಟ್ಟರು. ಅವರು ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರಾಗಿದ್ದವರು. ನಮ್ಮ ಬೀದಿಯಲ್ಲಿ ಎಲ್ಲರೂ ತಿಥಿ, ಮುಹೂರ್ತ ಕೇಳುವುದು ಅವರನ್ನೇ. "ಚಂದ್ರ ಹುಟ್ಟೋ ಹೊತ್ತಿಗೆ ಗ್ರಹಣ ಬಿಟ್ಟಿರುತ್ತೆ ಮಗು. ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ. ಪಂಚಾಂಗದಲ್ಲೇ ಹಾಕಿಲ್ಲ. ಧೈರ್ಯವಾಗಿ ಬಾ." ಅಪ್ಪನ ಮಾತಿನ ಮೇಲೆ ಅವಳು ಹೊರಟಳು.

ವಿಮಾನ ಮಧ್ಯಾಹ್ನವೇ ಹೊರಡಬೇಕಿತ್ತು. ದಿಲ್ಲಿಯಲ್ಲಿ ಮಂಜು, ಅಲ್ಲಿಂದ ಬರಬೇಕಾದದ್ದು ಬಂದಿಲ್ಲ ಎಂದರು. ಕಾಯುವ ಜಾಗದಲ್ಲಿ ಕುರ್ಚಿಗಳು ತಣ್ಣಗೆ ಕೊರೆಯುತ್ತಿದ್ದವು. ಅಕ್ಕ ಬಾತ ಕಾಲುಗಳನ್ನು ನನ್ನ ಸೂಟ್‌ಕೇಸಿನ ಮೇಲೆ ಚಾಚಿ ಕೂತಳು. ಚಪಾತಿ, ಚಟ್ನಿಪುಡಿ ತಿಂದೆವು. ಟೀ ನೀರಿನಂತಿತ್ತು. ಎರಡು ಸಲ ಕರೆದು ಸಾಲಿನಲ್ಲಿ ನಿಲ್ಲಿಸಿ, ಎರಡು ಸಲವೂ ವಾಪಸ್ ಕೂರಿಸಿದರು. ಒಳಗೆ ಹತ್ತುವಾಗ ಬಿಸಿಲು ಇಳಿದಿತ್ತು.

ಎಡಗಡೆಯ ಕಿಟಕಿ ಅಕ್ಕನದು, ನಡುವಿನ ಸೀಟು ನನ್ನದು. ಓಡಾಡುವ ದಾರಿಯ ಪಕ್ಕದಲ್ಲಿ ದಪ್ಪನೆಯ ಸ್ವೆಟರ್ ಹಾಕಿದ್ದ ನಡುವಯಸ್ಸಿನವರೊಬ್ಬರು ಕೂತರು. ಅಕ್ಕ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಯ ಮೇಲೆ ಶಾಲು ಎಳೆದು, ಕಿಟಕಿಯ ಕಡೆ ಒರಗಿ ಕಣ್ಣು ಮುಚ್ಚಿದಳು.

"ಕನ್ನಡದವ್ರಾ?" ಎಂದರು ಅವರು.

"ಹೌದು. ಭದ್ರಾವತಿ."

"ಅಯ್ಯೋ, ನಂದು ಶಿವಮೊಗ್ಗ ಮಾರಾಯ್ತಿ! ಸವಳಂಗ ರಸ್ತೇಲಿ ಹಾರ್ಡ್‌ವೇರ್ ಅಂಗಡಿ. ನೀವು ಏನ್ ಮಾಡ್ಕೊಂಡಿದೀರಿ?"

ನಾನು ಬಾಡಿಗೆಗಿರುವ ರೂಮೂ ಅದೇ ರಸ್ತೆಯಲ್ಲಿದೆ ಎಂದು ಹೇಳಲಿಲ್ಲ. ಪಾಠ ಮಾಡುತ್ತೇನೆ ಎಂದಷ್ಟೇ ಹೇಳಿದೆ.

ಮೇಲೇರಿದ ಸ್ವಲ್ಪ ಹೊತ್ತಿಗೆ ಸಮುದ್ರ ಕಂಡಿತು. ಅದರ ಅಂಚಿಗೆ ಕಂದುನೀಲಿಯ ಒಂದು ಪಟ್ಟಿ, ಮೇಲೆ ನಸುಗೆಂಪು. ರೆಕ್ಕೆಯ ಹಿಂದೆ ಆ ಪಟ್ಟಿಯೊಳಗಿನಿಂದ ಚಂದ್ರ ಬಂದ. ಪೂರ್ತಿ ಬರಲಿಲ್ಲ. ಹೋಳಿಗೆಯ ಒಂದು ಬದಿ ಮುರಿದುಕೊಂಡ ಹಾಗೆ ಮೇಲುಭಾಗ ಇರಲಿಲ್ಲ. ಇಲ್ಲದ ಕಡೆ ಮಸಿ ಒರೆಸಿದಂಥ ಬಣ್ಣ.

ಅಪ್ಪನ ಲೆಕ್ಕ ತಪ್ಪಿರಲಿಲ್ಲ. ಅವರು ಲೆಕ್ಕ ಹಾಕಿದ್ದು ಭದ್ರಾವತಿಯ ಚಂದ್ರೋದಯಕ್ಕೆ. ಪೂರ್ವದಲ್ಲಿ ಚಂದ್ರ ಮೊದಲೇ ಹುಟ್ಟುತ್ತಾನೆ, ಅಷ್ಟು ಎತ್ತರಕ್ಕೆ ಇನ್ನೂ ಮೊದಲೇ ಕಾಣುತ್ತಾನೆ. ಭೌತಶಾಸ್ತ್ರ ಪಾಠ ಮಾಡುವ ನನಗೂ ಅದು ಹೊಳೆದಿರಲಿಲ್ಲ. ಪಂಚಾಂಗದಲ್ಲಿಲ್ಲದ ಗ್ರಹಣ ಅಕ್ಕನ ಮುಖದಿಂದ ಒಂದು ಮೊಳ ದೂರದಲ್ಲಿತ್ತು.

ಅವಳ ಕಣ್ಣು ಮುಚ್ಚಿಯೇ ಇತ್ತು. ಕೈ ಚಾಚಿ ಕಿಟಕಿಯ ಮುಚ್ಚಳವನ್ನು ಸದ್ದಾಗದಂತೆ ಕೆಳಗಿನವರೆಗೂ ಎಳೆದೆ.

ಆಗಲೇ ಪೈಲಟ್ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿದರು: ಎಡಗಡೆ ನೋಡಿ, ಗ್ರಹಣ ಕಾಣುತ್ತಿದೆ. ಅಕ್ಕ ಅಲುಗಲಿಲ್ಲ. ಹತ್ತಿ ಕೆಲಸ ಮಾಡಿತು ಎಂದುಕೊಂಡೆ. ಬಲಗಡೆಯವರು ಎದ್ದು ನಮ್ಮ ಕಡೆಗೆ ಬಂದರು. ಕ್ಯಾಮೆರಾ ಹಿಡಿದ ಹೆಂಗಸೊಬ್ಬಳು ನಮ್ಮ ಮುಚ್ಚಿದ ಕಿಟಕಿ ತೋರಿಸಿ, ತೆಗೆಯುತ್ತೀರಾ ಎಂದು ಹಿಂದಿಯಲ್ಲಿ ಕೇಳಿದಳು. ಇವರು ಮಲಗಿದ್ದಾರೆ ಎಂದೆ. ಆಕೆ ಹೋಗಲಿಲ್ಲ.

"ಏನ್ರೀ ಮೇಡಂ," ಎಂದರು ಅಂಗಡಿಯವರು. "ಊರೋರೆಲ್ಲ ಗ್ರಹಣ ನೋಡ್ತಾ ಇದ್ರೆ ನೀವು ಕಿಟಕಿ ಮುಚ್ಕೊಂಡು ಕೂತಿದೀರಲ್ಲ. ಪಾಠ ಮಾಡೋರು ಅಂದ್ರಿ?"

ನಾನು ಅಕ್ಕನ ಹೊಟ್ಟೆಯ ಕಡೆ ನೋಡಿದೆ. ಅವರೂ ನೋಡಿದರು. ತಕ್ಷಣ ಎದ್ದು, ದಾರಿಗೆ ಅಡ್ಡ ನಿಂತು, ತಮಗೆ ಬಂದಷ್ಟು ಹಿಂದಿಯಲ್ಲಿ ಗಟ್ಟಿಯಾಗಿ ಸಾರಿದರು: ಈ ಕಿಟಕಿಯಲ್ಲಿ ಬರೀ ರೆಕ್ಕೆ, ಚಂದ್ರ ಹಿಂದಿನ ಸಾಲಿನಲ್ಲಿದ್ದಾನೆ, ನಡೀರಿ, ನಡೀರಿ. ಕ್ಯಾಮೆರಾದವಳೂ ಹಿಂದೆ ಹೋದಳು.

ಕೂತು ದನಿ ತಗ್ಗಿಸಿದರು. "ಎಷ್ಟು ತಿಂಗಳು?"

"ಏಳು."

"ನಾನು ಇದನ್ನೆಲ್ಲ ನಂಬಲ್ಲ. ಆದ್ರೆ ನಮ್ಮನೆಯವ್ರು ಬಸುರಿ ಇದ್ದಾಗ ಗ್ರಹಣ ಬಂತು ನೋಡಿ, ಬಾಗಿಲ ಸಂದಿಗೂ ಬಟ್ಟೆ ತುರುಕಿದ್ದೆ." ಕಾಲು ಮಡಚಿ ದಾರಿ ಬಿಟ್ಟು, "ನೀವು ಬೇಕಾದ್ರೆ ಹಿಂದೆ ಹೋಗಿ ನೋಡ್ಕೊಂಡು ಬನ್ನಿ. ನಾನಿಲ್ಲೇ ಇರ್ತೀನಿ" ಎಂದರು.

ಹೋದೆ. ಟಾಯ್ಲೆಟ್ಟಿನ ಪಕ್ಕದ ಬಾಗಿಲಲ್ಲಿ ಅಂಗೈಯಗಲದ ಗಾಜಿತ್ತು. ಅದಕ್ಕೆ ಹಣೆ ಒತ್ತಿ ನಿಂತೆ. ಗಾಜು ತಣ್ಣಗಿತ್ತು. ನೆರಳು ನಿಧಾನವಾಗಿ ಸರಿಯುತ್ತಿತ್ತು. ಕೆಳಗೆ ಮೋಡಗಳ ಮೇಲೆ ಅರೆಮನಸ್ಸಿನ ಬೆಳಕು. ಬೋರ್ಡಿನ ಮೇಲೆ ವೃತ್ತ ಎಳೆದು ಎಷ್ಟೋ ಸಲ ವಿವರಿಸಿದ್ದೆ. ನೋಡಿದ್ದು ಅದೇ ಮೊದಲು. ಸಂತೋಷಪಡಬೇಕು ಎಂದು ಅನ್ನಿಸಿತು. ಕಾಲು ನೋಯುತ್ತಿತ್ತು. ಕೊನೆಯ ಕಪ್ಪು ಅಂಚು ಹೋಗುವವರೆಗೆ ನಿಂತು ಸೀಟಿಗೆ ಬಂದೆ.

ಅಂಗಡಿಯವರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಅಕ್ಕ ಮೊದಲಿನ ಹಾಗೆಯೇ ಒರಗಿದ್ದಳು. ಕಿಟಕಿಯ ಮುಚ್ಚಳ ಮಾತ್ರ ನಾಲ್ಕು ಬೆರಳಷ್ಟು ಮೇಲಿತ್ತು. ನಾನೇ ಸರಿಯಾಗಿ ಎಳೆದಿರಲಿಲ್ಲವೇನೋ ಎಂದುಕೊಂಡು ಹಾಗೇ ಬಿಟ್ಟೆ. ಹೊರಗೆ ಈಗ ಪೂರ್ತಿ ಹುಣ್ಣಿಮೆ. ಭದ್ರಾವತಿಯಲ್ಲಿ ಕಾಣುವಂಥ ಚಂದ್ರ.

ಬೆಂಗಳೂರಿನಲ್ಲಿ ಇಳಿದು ರೈಲ್ವೆ ಸ್ಟೇಷನ್ನಿಗೆ ಟ್ಯಾಕ್ಸಿ ಹಿಡಿದೆವು. ಹೋಟೆಲಿನಲ್ಲಿ ಇಡ್ಲಿ ತಿಂದೆವು. ಶಿವಮೊಗ್ಗದ ರೈಲಿನಲ್ಲಿ ಕೆಳಗಿನ ಬರ್ತಿನಲ್ಲಿ ಅವಳು ಮಲಗಿದಳು. ನಾನು ಅವಳ ಕಾಲ ಬಳಿ ಕೂತೆ. ತರೀಕೆರೆ ದಾಟುವಾಗಲೂ ಕತ್ತಲೆಯೇ. ಭದ್ರಾವತಿಯ ಪ್ಲಾಟ್‌ಫಾರಂ ಮೇಲೆ ಅಪ್ಪ ಮಫ್ಲರ್ ಸುತ್ತಿಕೊಂಡು ನಿಂತಿದ್ದರು. ಆಟೋದಲ್ಲಿ ಹಳೇನಗರಕ್ಕೆ ಬರುವ ದಾರಿಯುದ್ದಕ್ಕೂ, "ನೋಡಿದ್ಯಾ, ಏನೂ ತೊಂದರೆ ಇಲ್ಲ ಅಂದಿದ್ನಲ್ಲ" ಎನ್ನುತ್ತಿದ್ದರು. ನಾನು ಹೊಳೆಯ ಕಡೆ ನೋಡುತ್ತಿದ್ದೆ.

ಅಮ್ಮ ಆರತಿ ಎತ್ತಿ ಒಳಗೆ ಕರೆದರು. ಅಕ್ಕ ಕೂರಲಿಲ್ಲ.

"ಅಮ್ಮ, ಹಂಡೇಲಿ ನೀರು ಕಾದಿದೆಯಾ? ತಲೆಗೆ ಹಾಕ್ಕೋತೀನಿ."

"ಈ ಚಳೀಲಿ ತಲೆಗಾ? ಶೀತ ಆದ್ರೆ ಏನ್ ಗತಿ? ಬರೀ ಮೈಗೆ ಹಾಕ್ಕೊ."

"ರೈಲಿನ ಧೂಳು" ಎಂದು ಅಕ್ಕ ಬಚ್ಚಲಿಗೆ ಹೋದಳು.

ಹಂಡೆಯ ಪಕ್ಕದ ಬಾಗಿಲಲ್ಲಿ ಒಣ ಬಟ್ಟೆ ಹಿಡಿದು ನಿಂತಿದ್ದೆ. ತಂಬಿಗೆಯ ಮೇಲೆ ತಂಬಿಗೆ ಸುರಿದ ಸದ್ದು. ಹೊರಗೆ ಬಂದಾಗ ಲಂಗವನ್ನು ಎದೆಗೆ ಕಟ್ಟಿಕೊಂಡು, ಕೂದಲಿಗೆ ಟವೆಲ್ ಸುತ್ತಿದ್ದಳು. ಉಟ್ಟುಬಂದ ಸೀರೆ, ಹೊದ್ದ ಶಾಲು ಎಲ್ಲ ಬಕೆಟ್ಟಿನಲ್ಲಿ ನೆನೆದಿದ್ದವು. ಗ್ರಹಣ ಬಿಟ್ಟ ಮೇಲೆ ಮಾಡುವ ಸ್ನಾನದಲ್ಲಿ ನಮ್ಮ ಮನೆಯಲ್ಲಿ ಹಾಗೆ ಮಾಡುತ್ತಾರೆ, ಮೈಮೇಲಿದ್ದದ್ದನ್ನೆಲ್ಲ ನೆನೆಸುವುದು.

ನಾನು ಬಕೆಟ್ಟನ್ನೇ ನೋಡುತ್ತಿದ್ದೆ. "ನೀನು ಮಲಗಿದ್ಯಲ್ಲ" ಎಂದೆ.

"ಹತ್ತಿ ಇಟ್ಕೊಂಡಿದ್ದು ಕಿವಿಗೆ ಕಣೇ, ಕಣ್ಣಿಗಲ್ಲ." ದನಿ ತಗ್ಗಿಸಿದಳು. "ನೀನು ಅಷ್ಟು ಮೆತ್ತಗೆ ಕಿಟಕಿ ಎಳೆದ್ಯಲ್ಲ, ಎಚ್ಚರ ಇದೀನಿ ಅಂತ ಹೇಳೋಕೆ ಮನಸ್ಸು ಬರಲಿಲ್ಲ. ನೀನು ಹಿಂದೆ ಹೋದ ಮೇಲೆ ತೆಗೆದು ನೋಡಿದೆ."

"ಹೆದರಿಕೆ ಆಗಲಿಲ್ವಾ?"

"ಆಯ್ತು. ಆದ್ರೆ ನೋಡಿದಷ್ಟು ಹೊತ್ತೂ ಇದು ಒಂದೇ ಸಮ ಒದೀತಾ ಇತ್ತು." ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಈಗಲೂ ಒದೀತಿದೆ. ದೊಡ್ಡಮ್ಮಂಗೆ ಇನ್ನೇನು ಹೇಳಲಿ?"

ಅಡುಗೆಮನೆಯಿಂದ ಅಮ್ಮ ಕಾಫಿಗೆ ಕರೆದರು. ಅಕ್ಕ ನನ್ನ ಕೈಯಲ್ಲಿದ್ದ ಒಣ ಬಟ್ಟೆ ತೆಗೆದುಕೊಂಡು, ತಂಬಿಗೆಯನ್ನು ನನಗೆ ಕೊಟ್ಟಳು.

"ಅರ್ಧ ಹಂಡೆ ಉಳಿಸಿದೀನಿ. ನೀನೂ ತಲೆಗೇ ಹಾಕ್ಕೊ. ನೀನೂ ನೋಡಿದೀಯಲ್ಲ."

ಬಾಗಿಲು ಹಾಕಿಕೊಂಡೆ. ಮೊದಲ ತಂಬಿಗೆ ನೆತ್ತಿಯ ಮೇಲೆ ಬಿದ್ದಾಗ, ನಾಲ್ಕು ದಿನದ ಆಯಾಸವೆಲ್ಲ ಒಮ್ಮೆಗೇ ಬೆನ್ನಿಂದ ಇಳಿಯತೊಡಗಿತು. ಹೊರಗೆ ಅಮ್ಮ ಅಪ್ಪನಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಇಬ್ಬರಿಗೂ ಏನಾಗಿದೆ ಇವತ್ತು? ಬಂದೋರು ಬಂದ ಹಾಗೆ ತಲೆಗೆ ಸುರ್ಕೋತಾ ಇದಾರೆ!"

ಹೊರಗಡೆಯಿಂದ ಬಚ್ಚಲ ಒಲೆಗೆ ಅಪ್ಪನೇ ಇನ್ನೊಂದು ಸೌದೆ ಹಾಕಿದ ಸದ್ದಾಯಿತು.