ವತ್ಸಲಾಬಾಯಿಯ ಸಂಶಯ

ಕ್ಯಾಂಟೀನಿನ ಚಹಾವನ್ನು ವತ್ಸಲಾಬಾಯಿ ಮೂಸಿ ನೋಡದೆ ಕುಡಿದದ್ದನ್ನು ನಾನು ಕಂಡಿಲ್ಲ. ಲೋಕಲ್ ರೈಲು ಹತ್ತುವ ಮೊದಲು ಬೋರ್ಡು ಓದಿ, ಅನೌನ್ಸ್‌ಮೆಂಟ್ ಕೇಳಿ, ಆಮೇಲೆ ಒಳಗೆ ಕೂತ ಹೆಂಗಸರನ್ನೂ ವಿಚಾರಿಸುವರು. ಮೂರೂ ಒಂದೇ ಮಾತು ಹೇಳಿದರೆ ಅವರ ಸಂಶಯ ಇನ್ನಷ್ಟು ಹೆಚ್ಚುತ್ತಿತ್ತು.

ಧಾರವಾಡದ ಈ ಹೆಂಗಸು ವಿಕ್ರೋಳಿಯ ನಮ್ಮ ಸಣ್ಣ ಕಂಪನಿಯಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥೆ. ನಾವು ಮಾಡುತ್ತಿದ್ದದ್ದು ಅಂಗೈಯಗಲದ ಯಂತ್ರ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಅದರ ಕಾಗದದ ಪಟ್ಟಿಗೆ ಮುಟ್ಟಿಸಿದರೆ, ಡೆಂಗಿ ಇದೆಯೋ ಇಲ್ಲವೋ ಎಂದು ಚಹಾ ಆರುವುದರೊಳಗೆ ಅದು ಹೇಳಬೇಕು. ಅದರೊಳಗಿನ ವಿದ್ಯುತ್ ಸರ್ಕ್ಯೂಟು ಮಾಡಿದ್ದು ನಾನು. ಮಳೆಗಾಲಕ್ಕೆ ಮೊದಲು ಯಂತ್ರ ಮಾರುಕಟ್ಟೆಗೆ ಹೋಗದಿದ್ದರೆ ಕಂಪನಿ ಮುಚ್ಚೀತೆಂದು ಮಾಲೀಕ ಸಾಹೇಬರು ದಿನಾ ಹೆದರಿಸುತ್ತಿದ್ದರು. ಬಾಯಿಯವರ ಸಹಿಯಿಲ್ಲದೆ ಅದು ಹೊರಡುವಂತಿರಲಿಲ್ಲ. ಹೊಸ ಯಂತ್ರ ಒಯ್ದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ನೀರ ಕುಡಿಸಿ ನೋಡೀಯೇನು? ಬರೇ ನೀರಿನ್ಯಾಗ ರೋಗ ಕಾಣೋ ಮಶೀನು ಮಂದಿ ರಕ್ತದಾಗ ಏನೇನ ಕಂಡೀತು!"

ಮೇ ತಿಂಗಳಲ್ಲಿ ನನಗೆ ಅವರ ಮೇಲೆಯೇ ಸಂಶಯ ಹತ್ತಿತು. ಒಂದು ಸಂಜೆ ಬಾಯಿ ಎರಡು ಯಂತ್ರಗಳನ್ನು ಊಟದ ಡಬ್ಬಿಯ ಚೀಲಕ್ಕೆ ಇಳಿಸಿಕೊಂಡರು. ಬೇರೆ ಕಂಪನಿಗೆ ಮಾರುತ್ತಾರೆಯೇ? ಹಿಂದೆಯೇ ಹೊರಟೆ. ಬಾಯಿ ಇದ್ದದ್ದು ಚೆಂಬೂರಿನ ತಂಗಿಯ ಮನೆಯಲ್ಲಿ; ಅಲ್ಲಿಗೆ ಹೋಗಲು ಕುರ್ಲಾದಲ್ಲಿ ಗಾಡಿ ಬದಲಿಸಬೇಕಿತ್ತು. ಬಾಯಿ ಇಳಿಯಲೇ ಇಲ್ಲ. ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಫೋರ್ಟ್ ಬಡಾವಣೆಯ ಒಂದು ಉಡುಪಿ ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋದರು.

ನಾನೂ ನುಗ್ಗಿದೆ. "ಎಂತ ಬಾಯಿ, ಮಶೀನು ಹೊರಗೆ ಕೊಡುದಾ ನೀವು?"

ಅವರಿಗೆ ಸಿಟ್ಟು ಬರಲಿಲ್ಲ, ಮುಖ ಅರಳಿತು. "ನನ್ನ ಮ್ಯಾಲೆ ಸಂಶಯ ಬಂತ? ಭೇಷ್! ಇಷ್ಟ ದಿನಕ್ಕ ಒಂದ ಛಲೋ ಕೆಲಸಾ ಮಾಡಿದಿ. ಬಾ ಇಲ್ಲೆ, ನೋಡು."

ಹೋಟೆಲಿನ ಅಡುಗೆಯ ಸಂಜೀವಣ್ಣ ಬೆರಳು ಚಾಚಿ ಕೂತಿದ್ದ. ಯಂತ್ರದ ಪ್ರಕಾರ ಅವನಿಗೆ ಡೆಂಗಿ.

"ಜ್ವರ ಎಂತದ್ದೂ ಇಲ್ಲ ಮಾರಾಯ್ರೇ," ಎಂದು ಅವನು ನಗುತ್ತಿದ್ದ. ಪಕ್ಕದಲ್ಲಿ ಹಿಂಡಿದ ನಿಂಬೆಹೋಳುಗಳ ರಾಶಿ. ಬಾಯಿ ಸೋಪು ಹಚ್ಚಿ ಕೈ ತೊಳೆಸಿ ಮತ್ತೆ ಚುಚ್ಚಿದರು. ಡೆಂಗಿ ಮಾಯ! ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಬೆರಳಲ್ಲಿ ಉಳಿದ ನಿಂಬೆರಸ ರಕ್ತದ ಹನಿಗೆ ಸೇರುತ್ತಿತ್ತು. ನನ್ನ ಸರ್ಕ್ಯೂಟು ಅದನ್ನೇ ರೋಗವೆಂದು ಓದುತ್ತಿತ್ತು. ಲ್ಯಾಬಿನ ಶುಭ್ರ ಕೈಗಳಲ್ಲಿ ಇದು ಎಂದೂ ಸಿಗುತ್ತಿರಲಿಲ್ಲ.

"ಜಳಕಾ ಮಾಡಿ ಕುಂತವರಿಗಷ್ಟ ಜ್ವರಾ ಬರತಾವೇನೋ?" ಎಂದರು ಬಾಯಿ.

ಸಾಹೇಬರು ಕೂಗಾಡಿದರು. ಬಾಯಿ ಸಹಿ ಹಾಕಲಿಲ್ಲ. ಆ ಮಳೆಗಾಲ ಹಾಗೆಯೇ ಹೋಯಿತು, ಕಂಪನಿಯೇನೂ ಮುಚ್ಚಲಿಲ್ಲ; ಸಾಹೇಬರ ಆ ಮಾತನ್ನೂ ಬಾಯಿ ನಂಬಿರಲಿಲ್ಲವಂತೆ. ಪಟ್ಟಿ, ಸರ್ಕ್ಯೂಟು ಎರಡನ್ನೂ ಹೊಸದಾಗಿ ಮಾಡಿದೆವು. ಮರುವರ್ಷ ಬಾಯಿ ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿ ನನ್ನತ್ತ ನೋಡಿದರು: "ಸಹಿ ಹಾಕೇನಿ. ನಂಬೇನಿ ಅಂತ ಮಾತ್ರ ತಿಳಕೋಬ್ಯಾಡ."

ಅದೇ ವರ್ಷದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ತಂಗಿ ಆಸ್ಪತ್ರೆಗೆ ನಡೆಯೆಂದರೆ, "ಅವರಿಗೆ ಹಾಸಿಗಿ ತುಂಬಸೂದಿರತದ," ಎಂದು ಮಲಗಿಬಿಟ್ಟರಂತೆ. ದಿನಗಳು ಕಳೆದ ಮೇಲೆ ತಂಗಿ ಹೆದರಿ ನನಗೆ ಫೋನು ಮಾಡಿದರು. ಯಂತ್ರ ಹಿಡಿದು ಚೆಂಬೂರಿಗೆ ಓಡಿದೆ.

ಅವರೆದುರೇ ಮೊದಲು ನೀರು ಹಾಕಿ ತೋರಿಸಿದೆ. ಏನೂ ಇಲ್ಲ. ಆಮೇಲೆ ಬೆರಳು. ಡೆಂಗಿ. ಕೈ ತೊಳೆಸಿ ಹೊಸ ಪಟ್ಟಿ ಹಾಕಿದೆ. ಮತ್ತೆ ಅದೇ.

"ಈ ಪೀಸು ಸರಿ ಇಲ್ಲ ಬಾಯಿ, ಬೇರೆ ತರ್ತೇನೆ ನಾನು." ಇಷ್ಟು ವರ್ಷ ಸುಳ್ಳು ಹೇಳದಿರಲಿ ಎಂದು ತಿದ್ದಿದ ಯಂತ್ರ ಅಂದು ಒಂದು ಸಲ ಸುಳ್ಳು ಹೇಳಲಿ ಎಂದು ಬೇಡಿಕೊಂಡೆ. ಮತ್ತೊಂದು ಪಟ್ಟಿ ಬಿಚ್ಚಲು ಹೋದಾಗ ಬಾಯಿ ನನ್ನ ಮಣಿಕಟ್ಟು ಹಿಡಿದರು. ಅವರ ಕೈ ಸುಡುತ್ತಿತ್ತು.

"ಸಾಕ ಬಿಡೋ. ಖರೇನ ಹೇಳಾಕತ್ತದ."

ಆಸ್ಪತ್ರೆಗೆ ಸೇರಿಸುವಾಗ ತಡವಾಗಿತ್ತು. ವಾರದೊಳಗೆ ಬಾಯಿ ಹೋದರು. ನನ್ನ ಯಂತ್ರವನ್ನು ಅವರು ನಂಬಿದ್ದು ಆ ಒಂದು ಸಲ.