ನಾಯಿಯ ಕಾಲು, ಡಾಕ್ಟರ ಸಾಕ್ಷಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗೊತ್ತು. ನಾನು ಹೇಡಿಯೆಂದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಆ ವರ್ಷ ಕುಟುಂಬದ ನಾಗನಿಗೆ ತಂಬಿಲದ ಪೂಜೆ ಕೊಡಲು ಉಡುಪಿಗೆ ಹೊರಟಿದ್ದೆವು. ಹೆಂಡತಿ ಆಗಲೇ ಕೆಳಗಿಳಿದಿದ್ದಳು. ರೈಲು ತಪ್ಪೀತೆಂಬ ಗಡಿಬಿಡಿಯಲ್ಲಿ ನಾನು ಕಬ್ಬಿಣದ ಸೇಫ್ಟಿ ಡೋರನ್ನು ದಡಾರನೆ ಎಳೆದೆ. ನಮ್ಮ ನಾಯಿಯ ಹಿಂಗಾಲು ಅದರಲ್ಲಿ ಸಿಕ್ಕಿಕೊಂಡು ಅದು ಕಿರುಚಿತು. ಏನೂ ಆಗಿರಲಿಕ್ಕಿಲ್ಲ ಎಂದುಕೊಂಡು ಎತ್ತಿಕೊಂಡೇ ಹೋಗಿ, ದಾರಿಯ ಕಳವಾ ಸ್ಟೇಷನ್ನಿನ ಬಳಿ ಒಂದೇ ಕೋಣೆಯಲ್ಲಿ ಸಾಕುನಾಯಿಗಳನ್ನು ನೋಡಿಕೊಂಡು ಬದುಕುತ್ತಿದ್ದ ಮರಾಠಿ ಹೆಂಗಸಿನ ಬಳಿ ಬಿಟ್ಟೆ.

ಐದು ದಿನದ ಮೇಲೆ ಬಂದು ನೋಡಿದರೆ ಕಾಲು ಬಾತಿತ್ತು. "ಸಾಬ್, ಆಪ್ನೆ ಛೋಡಾ ತಭೀ ಲಂಗಡಾ ರಹಾ ಥಾ," ಎಂದಳು; ನಾನು ಬಿಟ್ಟಾಗಲೇ ಅದು ಕುಂಟುತ್ತಿತ್ತಂತೆ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ನಾನು ಇಡೀ ಓಣಿಗೆ ಕೇಳುವಂತೆ ಆ ಹೆಂಗಸಿನ ಮೇಲೆ ಹರಿಹಾಯ್ದೆ. ಅಷ್ಟು ಕೂಗಾಡಿದ ಮೇಲೆ ಹಿಂದೆ ಸರಿಯಲು ಮಾನ ಅಡ್ಡ ಬಂತು. ಠಾಣೆ ಜಿಲ್ಲೆಯ ಗ್ರಾಹಕರ ಕೋರ್ಟಿಗೆ ದೂರು ಕೊಟ್ಟೆ.

ಅಲ್ಲಿ ತಜ್ಞರ ಅಭಿಪ್ರಾಯ ಬೇಕೆಂದರು. ತಜ್ಞರೆಂದರೆ ನಮಗೆ ನಮ್ಮವರೇ ಆಗಬೇಕಲ್ಲ. ಕನ್ನಡ ಸಂಘದಲ್ಲಿ ಪರಿಚಯವಿದ್ದ, ನಮ್ಮ ಊರಿನ ಕಡೆಯ ಪಶುವೈದ್ಯರ ಮನೆಗೆ ಹೋದೆ. ನಾವು ಊರಿನಿಂದ ಬಂದ ದಿನವೇ ತೆಗೆಸಿದ್ದ ಎಕ್ಸ್-ರೇಯನ್ನು ಅವರು ಬೆಳಕಿಗೆ ಹಿಡಿದು ನೋಡಿದರು.

"ಇದು ತೆಗೆಯುವಾಗ ಮೂಳೆ ಮುರಿದು ಐದಾರು ದಿನ ಆಗಿತ್ತು. ಬಿಡುವಾಗ ಸರಿ ಇತ್ತಾ?"

"ಸರಿ ಇತ್ತು ಡಾಕ್ಟ್ರೆ."

"ನೀವು ಹೇಳಿದ ಮೇಲೆ ಮತ್ತೇನು ಮಾರಾಯ್ರೆ," ಎಂದು, ಪೆಟ್ಟು ಅವಳ ಮನೆಯಲ್ಲೇ ಆದದ್ದೆಂದು ಬರೆದು ಸಹಿ ಹಾಕಿದರು. ಬೇರೆ ಡಾಕ್ಟರಾಗಿದ್ದರೆ ಇನ್ನೆರಡು ಪ್ರಶ್ನೆ ಕೇಳುತ್ತಿದ್ದರು. ಆ ಕಾಗದದ ಮುಂದೆ ಕೋರ್ಟಿನಲ್ಲಿ ಅವಳ ಮಾತು ನಡೆಯಲಿಲ್ಲ. ನಾನು ಗೆದ್ದೆ. ಸುದ್ದಿ ಹಬ್ಬಿ, ಅವಳ ಬಳಿ ನಾಯಿ ಬಿಡುವವರೇ ಇಲ್ಲವಾದರು.

ಮರುವರ್ಷ ಸತ್ಯನಾರಾಯಣ ಪೂಜೆಗೆ ಡಾಕ್ಟರು ನಮ್ಮಲ್ಲಿಗೆ ಬಂದರು. ನಾನು ಸೇಫ್ಟಿ ಡೋರ್ ಎಳೆದ ಸದ್ದಿಗೆ ನಾಯಿ ಹಿಂಗಾಲನ್ನು ಹೊಟ್ಟೆಯಡಿಗೆ ಎಳೆದುಕೊಂಡು ಗೋಡೆಗೆ ಒತ್ತಿಕೊಂಡಿತು.

"ಇದು ಯಾವಾಗಿಂದ ಹೀಗೆ ಮಾಡ್ತದೆ?" ಎಂದು ಕೇಳಿದರು.

"ಕಾಲು ಮುರಿದ ಮೇಲೆ ಡಾಕ್ಟ್ರೆ. ಅದೂ ಇವರು ಬಾಗಿಲು ಹಾಕಿದ್ರೆ ಮಾತ್ರ," ಎಂದಳು ಹೆಂಡತಿ, ಏನೂ ಅರಿಯದೆ.

ಡಾಕ್ಟರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಪ್ರಸಾದ ಮುಟ್ಟದೆ ಎದ್ದು ಹೋದರು.

ಅಲ್ಲಿಂದ ಅವರು ನೇರ ಕಳವಾಕ್ಕೆ ಹೋಗಿ, ತಾವು ಬರೆದದ್ದು ತಪ್ಪೆಂದು ಆ ಹೆಂಗಸಿಗೆ ಕೈಮುಗಿದರಂತೆ. ನಾಚಿಕೆಗೇಡಿ ನಾನು, ದಿನವೂ ಲೋಕಲ್‌ನಲ್ಲಿ ಕಳವಾ ದಾಟಿ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನವೂ ಅಲ್ಲಿ ಇಳಿಯಲಿಲ್ಲ.