ಯಾರ ಕೈಯಲ್ಲೂ ಇಲ್ಲದ ಪೆಟ್ಟಿಗೆ

ನನ್ನ ನಾದಿನಿಗೆ ಮೊಂಡಮ್ಮ ಎಂದು ಹೆಸರಿಟ್ಟವಳು ನಾನೇ. ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಸಾಮಾನಿನ ಪಟ್ಟಿಯ ಕೆಳಗೆ ಅವಳು ತನ್ನ ಅಣ್ಣನಿಗೆಂದು ಒಂದು ಸಾಲು ಬರೆದಿಟ್ಟಿದ್ದಳು: 'ಅತ್ತಿಗೆಗೆ ಕೋಪ ಬಂದಿದೆ.' ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಮೇಲುಗಡೆ 'ಅತ್ತಿಗೆಗೆ ಸುಸ್ತಾಗಿದೆ' ಎಂದು ತಿದ್ದಿ, ಪಕ್ಕದಲ್ಲಿ ಪುಟ್ಟ ಸಹಿ ಮತ್ತು ತಾರೀಖು ಹಾಕಿದ್ದಳು. ಗೆರೆ ಹೊಡೆದ ಮಾತು ಹೊಡೆಯದ ಮಾತಿಗಿಂತ ಚೆನ್ನಾಗಿ ಓದಲು ಬರುತ್ತಿತ್ತು. ನನಗೆ ನಿಜವಾಗಿ ಕೋಪ ಬಂದದ್ದು ಆಗ.

"ತಪ್ಪು ಬರೆದೆ ಅಂದ್ಮೇಲೆ ಪೂರ್ತಿ ಅಳಿಸೋಕೆ ಏನಾಗಿತ್ತೇ ನಿಂಗೆ?" ಎಂದೆ.

"ಅಳಿಸಿಬಿಟ್ರೆ ಏನು ತಪ್ಪಾಗಿತ್ತು ಅಂತ ಹೇಗೆ ಗೊತ್ತಾಗುತ್ತೆ ಅತ್ತಿಗೆ?" ಎಂದಳು. ಮುಖದಲ್ಲಿ ತುಂಟತನದ ಸುಳಿವೂ ಇರಲಿಲ್ಲ. ಅದೇ ಹೊಟ್ಟೆ ಉರಿಸುವ ವಿಷಯ.

ಅವಳು ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಹತ್ತು ವರ್ಷದಿಂದ ಕೆಲಸಕ್ಕಿದ್ದಳು. ಬೆಳಗ್ಗೆ ಎಂಟಕ್ಕೆ ಹೋಗಿ ಮುಂದಿನ ಮೇಜಿಗೆ ಕುಳಿತರೆ, ಬಂದ ರಕ್ತದ ಟ್ಯೂಬುಗಳನ್ನೆಲ್ಲ ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಂಡು ಒಳಗಿನವರಿಗೆ ದಾಟಿಸುವುದು ಅವಳ ಪಾಲಿನ ಕೆಲಸ. ಆ ರಿಜಿಸ್ಟರಿಗೊಂದು ಕಟ್ಟುನಿಟ್ಟು ಇದೆ. ಹಾಳೆ ಹರಿಯುವಂತಿಲ್ಲ, ವೈಟ್‌ನರ್ ಬಳಿಯುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆಯಬೇಕು, ಅಡಿಯಲ್ಲಿರುವುದು ಕಾಣುತ್ತಿರಬೇಕು, ಸರಿಯಾದದ್ದನ್ನು ಮೇಲೆ ಬರೆದು ಸಹಿ ಮಾಡಬೇಕು. ಈ ಚಾಳಿ ಅವಳ ಮೈಗೇ ಹತ್ತಿಬಿಟ್ಟಿತ್ತು. ಮನೆಯ ಕ್ಯಾಲೆಂಡರು, ಹಾಲಿನವನ ಚೀಟಿ, ಕೊನೆಗೆ ನಾನು ಬಟ್ಟೆಯ ಅಳತೆ ಬರೆದಿಡುವ ಪುಸ್ತಕ, ಯಾವುದನ್ನೂ ಅವಳು ಬಿಟ್ಟವಳಲ್ಲ.

ಬ್ಲಾಕ್‌ಚೈನ್ ಎಂಬ ಪದ ನಮ್ಮ ಮನೆಗೆ ಕಾಲಿಟ್ಟದ್ದು ಎರಡು ವರ್ಷದ ಹಿಂದೆ. ಲ್ಯಾಬಿನ ರಿಪೋರ್ಟೊಂದನ್ನು ಯಾರೋ ಪುಣ್ಯಾತ್ಮ ತಿದ್ದಿ, ಅದೇ ಥರದ ಮೊಹರು ಒತ್ತಿ, ಎಲ್ಲೋ ಕೆಲಸಕ್ಕೆ ಸೇರಿಬಿಟ್ಟಿದ್ದ. ನಮ್ಮ ಮೊಂಡಮ್ಮನ ರಿಜಿಸ್ಟರು ತೆಗೆದು ನೋಡಿದಾಗ ಅವನ ಬಣ್ಣ ಬಯಲಾಯಿತು. ಆಗ ಲ್ಯಾಬಿನ ಕಂಪ್ಯೂಟರ್ ರಿಪೇರಿಯವನು, "ಇಂಥದಕ್ಕೇ ಬ್ಲಾಕ್‌ಚೈನ್ ಅಂತ ಬಂದಿದೆ" ಎಂದನಂತೆ. ಅವತ್ತು ಸಂಜೆ ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು.

"ಅತ್ತಿಗೆ, ಇದು ನಮ್ಮ ರಿಜಿಸ್ಟರೇ ಕಣ್ರೀ! ಆದ್ರೆ ಒಂದೇ ಪುಸ್ತಕ ಅಲ್ಲ, ಸಾವಿರ ಕಡೆ ಅದೇ ಪುಸ್ತಕ. ಒಬ್ಬರು ತಮ್ಮ ಹಾಳೆ ತಿದ್ದಿದ್ರೆ ಉಳಿದ ಒಂಬೈನೂರ ತೊಂಬತ್ತೊಂಬತ್ತು ಪುಸ್ತಕ ಸಾಕ್ಷಿ ಹೇಳ್ತವೆ. ಬರೆದಿದ್ದನ್ನ ಯಾರೂ ಅಳಿಸೋಕಾಗಲ್ಲ!"

"ಮೊದಲು ಚಪ್ಪಲಿ ಬಿಡು" ಎಂದೆ.

ಮಾರನೆಯ ದಿನದಿಂದ ನನ್ನ ಹೊಲಿಗೆ ಮೇಜು ಎರಡು ಪಾಲಾಯಿತು. ಕಿಟಕಿಯ ಕಡೆಯ ಅರ್ಧದಲ್ಲಿ ನಾನು ಪರದೆಗಳನ್ನು, ಶಾಲೆಯ ಸಮವಸ್ತ್ರಗಳನ್ನು ಕತ್ತರಿಸುತ್ತಿದ್ದೆ. ಗೋಡೆಯ ಕಡೆಯ ಅರ್ಧದಲ್ಲಿ ಅವಳು ಹಳೆಯ ಲ್ಯಾಪ್‌ಟಾಪು ತೆರೆದುಕೊಂಡು, ಕೆಲಸಕ್ಕೆ ಹೋಗುವ ಮುಂಚೆ ಎರಡು ಗಂಟೆ ಕೋಡ್ ಬರೆಯಲು ಕಲಿಯುತ್ತಿದ್ದಳು. ಅದರ ಕೀಲಿಗಳ ಮೇಲೆಲ್ಲ ನನ್ನ ಸೀಮೆಸುಣ್ಣದ ಪುಡಿ. ನಾನು ಗೊಣಗದ ದಿನವಿಲ್ಲ, ಅವಳು ನಸುಕಿಗೇ ಏಳದ ದಿನವಿಲ್ಲ.

ಕಲಿತದ್ದೇನೋ ಆಯಿತು, ಕೆಲಸ ಕೊಡುವವರು ಬೇಕಲ್ಲ? ಮೂವತ್ತೊಂದು ವರ್ಷದ ಲ್ಯಾಬ್ ಗುಮಾಸ್ತೆಯನ್ನು ಇಂಟರ್ನ್ ಆಗಿ ತೆಗೆದುಕೊಳ್ಳಿ ಎಂದರೆ ಯಾರಿಗೆ ನಗು ಬರುವುದಿಲ್ಲ? ಮೂವತ್ತೆಂಟು ಕಡೆ ಅರ್ಜಿ ಹಾಕಿದಳು. ಕೆಲವರು ಇಲ್ಲ ಎಂದರು, ಉಳಿದವರು ಇಲ್ಲ ಎನ್ನುವ ಸೌಜನ್ಯವನ್ನೂ ತೋರಿಸಲಿಲ್ಲ. ಅಷ್ಟರಲ್ಲಿ ಲ್ಯಾಬಿನ ಡಾಕ್ಟರು ಅವಳನ್ನು ಮೇಲ್ವಿಚಾರಕಿ ಮಾಡುತ್ತೇನೆ ಎಂದರು. ಒಳ್ಳೆಯ ಮನುಷ್ಯ, ಒಳ್ಳೆಯ ಕೆಲಸ. ಆದರೆ ಮೂರು ವರ್ಷ ಬಿಟ್ಟುಹೋಗುವುದಿಲ್ಲ ಎಂದು ಬರೆದುಕೊಡಬೇಕಿತ್ತು. ಬರುವ ಶನಿವಾರ ಹನ್ನೊಂದಕ್ಕೆ ಸಹಿ. ಮೂರು ವರ್ಷ ಕಳೆದರೆ ಮೂವತ್ತನಾಲ್ಕಾಗುತ್ತದೆ. ಆಮೇಲೆ ಈ ಬಾಗಿಲು ತೆರೆಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ.

ಮೂವತ್ತೊಂಬತ್ತನೆಯ ಅರ್ಜಿಗೆ ಉತ್ತರ ಬಂತು. ಕನ್ನಡಕದ ಅಂಗಡಿಯೊಂದರ ಮೇಲೆ, ಮೂರನೇ ಮಹಡಿಯಲ್ಲಿರುವ ಸಣ್ಣ ಕಂಪನಿ. ಲಸಿಕೆಯ ಪೆಟ್ಟಿಗೆಗಳು ಕಾರ್ಖಾನೆಯಿಂದ ಆಸ್ಪತ್ರೆಯವರೆಗೆ ಯಾರ ಕೈಯಿಂದ ಯಾರ ಕೈಗೆ ಹೋದವು ಎಂಬುದನ್ನು ಬ್ಲಾಕ್‌ಚೈನಿನಲ್ಲಿ ದಾಖಲಿಸುವುದು ಅವರ ಕೆಲಸ. ಆರು ತಿಂಗಳ ಇಂಟರ್ನ್‌ಶಿಪ್, ಜಾಗ ಒಂದೇ. ಅದಕ್ಕೊಂದು ಪರೀಕ್ಷೆ: ಐದು ದಿನದಲ್ಲಿ ಅಂಥದೇ ಒಂದು ಪುಟ್ಟ ಪ್ರೋಗ್ರಾಂ ಬರೆದು, ಅಭ್ಯಾಸಕ್ಕೆಂದೇ ಇರುವ ಚೈನಿನಲ್ಲಿ ಹಾಕಿ, ಅದರ ವಿಳಾಸ ಕಳಿಸಬೇಕು. ಅಭ್ಯಾಸದ್ದೇ ಆದರೂ ಅಲ್ಲಿ ಹಾಕಿದ್ದು ಹಾಕಿದ್ದೇ, ತಿದ್ದಲು ಬರುವುದಿಲ್ಲ. ನನ್ನ ಕಸುಬಿನ ಹಾಗೆಯೇ, ಕತ್ತರಿ ಆಡಿದ ಮೇಲೆ ಅಳತೆ ನೋಡಿ ಪ್ರಯೋಜನವಿಲ್ಲ.

ಮೂರೇ ದಿನದಲ್ಲಿ ಬರೆದು ಮುಗಿಸಿದಳು. ಪೆಟ್ಟಿಗೆ ಯಾರ ಕೈಯಲ್ಲಿದೆಯೋ ಅವರು ಮಾತ್ರ ಅದನ್ನು ಇನ್ನೊಬ್ಬರಿಗೆ ಕೊಡಬಹುದು. 'ಕೊಟ್ಟೆ' ಎಂದರೆ ಸಾಲದು, ಪಡೆಯುವವರು 'ತೆಗೆದುಕೊಂಡೆ' ಎಂಬ ಗುಂಡಿ ಒತ್ತಬೇಕು, ಲ್ಯಾಬಿನಲ್ಲಿ ಟ್ಯೂಬು ದಾಟಿಸುವಾಗ ಇಬ್ಬರೂ ಸಹಿ ಮಾಡುವ ಹಾಗೆ. ಚೈನಿಗೆ ಹಾಕಿದಳು. ನನ್ನನ್ನು ಕರೆದು ಕೂರಿಸಿಕೊಂಡು, ಒಂದು ಪೆಟ್ಟಿಗೆಯನ್ನು ದಾಖಲಿಸಿ, ದಾಟಿಸಲು ಹೋದಳು. ಆಗಲಿಲ್ಲ. ಮತ್ತೆ ಒತ್ತಿದಳು. ಆಗಲಿಲ್ಲ.

ಅವಳ ಮುಖ ಸುಣ್ಣದಂತೆ ಬಿಳಿಚಿತು. "ಅತ್ತಿಗೆ, ಪೆಟ್ಟಿಗೆ ಯಾರ ಕೈಯಲ್ಲೂ ಇಲ್ಲ."

ಮೊಟ್ಟಮೊದಲು ಪೆಟ್ಟಿಗೆ ಯಾರ ಕೈಯಲ್ಲಿದೆ ಎಂದು ಬರೆಯುವುದನ್ನೇ ಮರೆತಿದ್ದಳು. ಯಾರ ಕೈಯಲ್ಲೂ ಇಲ್ಲದ್ದನ್ನು ಕೊಡುವವರು ಯಾರು? ಹತ್ತು ವರ್ಷ ರಿಜಿಸ್ಟರು ಬರೆದವಳಿಗೆ ಮಾತ್ರ ಆಗುವ ತಪ್ಪು ಅದು. ಲ್ಯಾಬಿನಲ್ಲಿ ಟ್ಯೂಬು ಮೊದಲು ಬರುವುದು ಅವಳ ಮೇಜಿಗೇ. ಬರೆಯುವವಳ ಕೈಯಲ್ಲೇ ಇರುವುದನ್ನು 'ನನ್ನ ಕೈಯಲ್ಲಿದೆ' ಎಂದು ಯಾರೂ ಬರೆಯುವುದಿಲ್ಲ.

ಒಂದು ದಿನ ಕೂತು ಸರಿಪಡಿಸಿ, ಎರಡನೆಯದನ್ನು ಹಾಕಿದಳು. ಅದು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ನಡೆಯಿತು. ನಾನು ನಿಟ್ಟುಸಿರು ಬಿಟ್ಟೆ. ಆದರೆ ಕಂಪನಿಗೆ ಕಳಿಸುವ ಮೇಲ್ ನೋಡಿದರೆ, ಮೊದಲು ಹಾಳಾದದ್ದರ ವಿಳಾಸ, ಅದರ ಮೇಲೆ ಒಂದು ಗೆರೆ, ಕೆಳಗೆ ಹೊಸ ವಿಳಾಸ, ತಪ್ಪಾದದ್ದಕ್ಕೆ ಕಾರಣ, ಹೆಸರು, ತಾರೀಖು!

"ಒಳ್ಳೇದನ್ನ ಮಾತ್ರ ಕಳಿಸು. ಹಳೇದರ ಸುದ್ದಿ ಯಾಕೆ? ಯಾರಿಗೆ ಗೊತ್ತಾಗುತ್ತೆ?" ಎಂದರು ನಮ್ಮ ಮನೆಯವರು.

"ಅದು ಅಲ್ಲೇ ಇದೆಯಲ್ಲಣ್ಣ, ಎಲ್ಲಿಗೆ ಹೋಗುತ್ತೆ?" ಎಂದು ಕಳಿಸಿಯೇಬಿಟ್ಟಳು.

ನನ್ನ ಪಿತ್ತ ನೆತ್ತಿಗೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ತಾನೇ ಮಾಡಿಕೊಂಡರೆ ಯಾರು ಏನು ಮಾಡಲಾದೀತು? ಸೀದಾ ಫ್ರಿಜ್ಜಿನ ಹತ್ತಿರ ಹೋಗಿ, ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ ಬರೆದೆ: 'ಮೊಂಡಮ್ಮನಿಗೆ ಬುದ್ಧಿ ಇಲ್ಲ.' ಅವಳು ಓದಿ ಲ್ಯಾಬಿಗೆ ಹೊರಟಳು.

ಆದರೂ ಗುರುವಾರ ಸಂದರ್ಶನಕ್ಕೆ ಕರೆದರು. ಒಬ್ಬಳನ್ನೇ ಕಳಿಸಲು ಮನಸ್ಸು ಬಾರದೆ ನಾನೂ ಹೊರಟೆ. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದೆ ಎಂಬುದು ಲಿಫ್ಟಿನ ಕನ್ನಡಿಯಲ್ಲಿ ನೋಡಿದ ಮೇಲೇ ಗೊತ್ತಾದದ್ದು. ಮೂರನೇ ಮಹಡಿಯಲ್ಲಿ ಒಂದೇ ದೊಡ್ಡ ಕೋಣೆ, ಏಳೆಂಟು ಮೇಜು, ನಡುವೆ ಗಾಜಿನ ಗೋಡೆಯ ಒಂದು ಗೂಡು. ಅದರ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ದೇವರ ದಯೆ. ಒಳಗೆ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಹೆಂಗಸೊಬ್ಬರು ಕುಳಿತಿದ್ದರು. ಕಂಪನಿಯ ಯಜಮಾನಿ ಅವರೇ. ನಾನು ಹೊರಗಿನ ಕುರ್ಚಿಯನ್ನು ಬಾಗಿಲ ಸಂದಿಗೆ ಎಳೆದುಕೊಂಡೆ.

"ಮೊದಲನೇದರಲ್ಲಿ ಈ ತಪ್ಪು ಯಾಕಾಯ್ತು?" ಎಂದು ಅವರು ಕೇಳಿದರು.

"ಮೇಡಂ, ನಮ್ಮ ಲ್ಯಾಬಲ್ಲಿ ಎಲ್ಲಾ ಶುರುವಾಗೋದು ನನ್ನ ಮೇಜಿಂದ. ನಾನಿದ್ದೀನಿ ಅಂತ ಬರೆಯೋ ಅಭ್ಯಾಸ ನಂಗಿಲ್ಲ. ಚೈನಲ್ಲಿ ಅಂಥ ಮೇಜೇ ಇಲ್ಲ ಅಂತ ಗೊತ್ತಾಗೋಕೆ ಒಂದು ದಿನ ಬೇಕಾಯ್ತು."

ಯಜಮಾನಿ ಕನ್ನಡಕ ಇಳಿಸಿ ಅವಳನ್ನೇ ನೋಡಿದರು. ನಗಲಿಲ್ಲ, ಗದರಲೂ ಇಲ್ಲ. "ನಾಳೆ ಸಂಜೆ ಐದರೊಳಗೆ ತಿಳಿಸ್ತೀವಿ" ಎಂದರು.

ಶುಕ್ರವಾರ ಅವಳು ಅರ್ಧ ದಿನ ರಜೆ ಹಾಕಿ ಬಂದು ಮೇಲ್ ತೆರೆದಿಟ್ಟುಕೊಂಡು ಕುಳಿತಳು. ನಾನು ಒಂದೇ ಪರದೆಯ ಅಂಚನ್ನು ಎರಡು ಸಲ ಹೊಲಿದು ಎರಡು ಸಲ ಬಿಚ್ಚಿದೆ. ನಮ್ಮ ಮನೆಯವರು ಹೊಳೆಯುತ್ತಿದ್ದ ಬೂಟಿಗೇ ಮತ್ತೆ ಪಾಲಿಶ್ ಹಾಕುತ್ತಿದ್ದರು. ನಾಲ್ಕೂವರೆಯಾಯಿತು. ಐದಾಯಿತು. ಐದೂ ಇಪ್ಪತ್ತಾಯಿತು. ಮೇಲ್ ಬರಲಿಲ್ಲ.

"ನಿಮ್ಮಣ್ಣ ಬಡ್ಕೊಂಡ್ರು, ಕೇಳಿದ್ಯಾ?" ಎಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವಳ ಕಣ್ಣು ತುಂಬಿತ್ತು.

"ನಾಳೆ ಸಹಿ ಹಾಕ್ತೀನಿ ಬಿಡಿ ಅತ್ತಿಗೆ. ಡಾಕ್ಟರು ಒಳ್ಳೆಯವರು" ಎಂದು ಮೂಗೊರೆಸಿಕೊಂಡಳು. ಲ್ಯಾಪ್‌ಟಾಪು ಮುಚ್ಚುವ ಮುಂಚೆ, ತನ್ನ ಪ್ರೋಗ್ರಾಮಿನ ಪುಟವನ್ನು ಕೊನೆಯ ಸಲ ನೋಡಲೆಂದು ತೆರೆದಳು. ಹಾಗೇ ಕಲ್ಲಾದಳು.

ಅಲ್ಲಿ ಅವಳು ಬರೆಯದ, ಅವಳು ಕಳಿಸಿದ್ದ ವಿಳಾಸ ಹಿಡಿದು ಬೇರೆ ಯಾರೋ ಬರೆದ ಹೊಸ ಪೆಟ್ಟಿಗೆಯೊಂದು ದಾಖಲಾಗಿತ್ತು. ಪೆಟ್ಟಿಗೆಯ ಹೆಸರು: ಆರು ತಿಂಗಳ ಇಂಟರ್ನ್‌ಶಿಪ್. ಕೊಟ್ಟವರು: ಕಂಪನಿ. ಸಮಯ: ನಾಲ್ಕು ಐವತ್ತೆರಡು. ಪಡೆಯಬೇಕಾದವರು ಎಂಬಲ್ಲಿ ಚೈನಿನಲ್ಲಿ ಅವಳ ಹೆಸರಿನ ಬದಲಿಗಿರುವ ಉದ್ದನೆಯ ಸಂಖ್ಯೆ ಇತ್ತು. ಎರಡು ವರ್ಷ ಮೇಜು ಹಂಚಿಕೊಂಡ ನನಗೂ ಅದರ ಕೊನೆಯ ನಾಲ್ಕು ಅಂಕಿ ಬಾಯಿಪಾಠ. ಅದರ ಕೆಳಗೆ: 'ಪಡೆಯುವವರಿಗಾಗಿ ಕಾಯುತ್ತಿದೆ.'

"ಒತ್ತೇ! ಒತ್ತೇ ತಾಯಿ!" ನಾನು ಕಿರುಚಿದೆ.

"ಇರಿ ಅತ್ತಿಗೆ, ಸರಿಯಾಗಿ ಓದ್ತೀನಿ. ಒತ್ತಿದ್ರೆ ವಾಪಸಿಲ್ಲ."

ಮೇಲಿಂದ ಕೆಳಗೆ ಎರಡು ಸಲ ಓದಿದಳು, ಮೊಂಡಮ್ಮ ತಾನೇ! ನನ್ನ ಎದೆ ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಓಡುತ್ತಿತ್ತು. ಆಮೇಲೆ 'ತೆಗೆದುಕೊಂಡೆ' ಒತ್ತಿದಳು. ಒಂದು ನಿಮಿಷ ಏನೂ ಆಗಲಿಲ್ಲ. ಸಾವಿರ ಪುಸ್ತಕದಲ್ಲಿ ಬರೆಯಬೇಕಲ್ಲ, ಹೊತ್ತು ಬೇಕು. ನಂತರ ಸಾಲು ಬದಲಾಯಿತು. ಈಗ ಯಾರ ಕೈಯಲ್ಲಿದೆ ಎಂಬುದರ ಮುಂದೆ ಅವಳ ಸಂಖ್ಯೆ ಬಂತು.

ನಾವಿಬ್ಬರೂ ಹಾಕಿದ ಕೂಗಿಗೆ ನಮ್ಮ ಮನೆಯವರು ಒಂದು ಕೈಯಲ್ಲಿ ಬೂಟು ಹಿಡಿದುಕೊಂಡೇ ಓಡಿ ಬಂದರು. ವಿಷಯ ತಿಳಿದದ್ದೇ ಆ ಬೂಟಿನ ಸಮೇತ ತಂಗಿಯನ್ನು ತಬ್ಬಿಕೊಂಡರು. ಅವಳು ಇನ್ನೂ ಬಿಚ್ಚಿರದ ಲ್ಯಾಬಿನ ಬಿಳಿ ಕೋಟಿಗೆ ಕರಿ ಪಾಲಿಶ್ ಮೆತ್ತಿತು, ಯಾರೂ ಲೆಕ್ಕಿಸಲಿಲ್ಲ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಯಜಮಾನಿ!

"ಏನಮ್ಮಾ, ಐದಕ್ಕೆ ಮುಂಚೆನೇ ಕೊಟ್ಟಿದ್ವಿ, ತಗೊಳ್ಳೋಕೆ ಇಷ್ಟು ಹೊತ್ತಾ?" ಎಂದು ನಕ್ಕರು. "ಒಬ್ಬೊಬ್ಬರೂ ಚೈನಿಗೆ ಏನೇನು ಹಾಕಿದ್ರು ಅಂತ ನಮಗೆಲ್ಲಾ ಕಾಣುತ್ತೆ. ಇಪ್ಪತ್ತಾರು ಜನರಲ್ಲಿ ಹತ್ತೊಂಬತ್ತು ಜನರದ್ದು ಮೊದಲ ಸಲ ಕೆಟ್ಟಿತ್ತು. ಕೆಟ್ಟಿದ್ದನ್ನ ಹೇಳಿದವರು ನೀವೊಬ್ರೇ. ಸೋಮವಾರ ಒಂಬತ್ತೂವರೆಗೆ ಬನ್ನಿ."

ಶನಿವಾರ ಹೇಳಿದ ಸಮಯಕ್ಕೇ, ಹನ್ನೊಂದಕ್ಕೆ, ಅವಳು ಡಾಕ್ಟರ ಮುಂದೆ ನಿಂತು, ಸಹಿ ಮಾಡಲು ಬಂದಿಲ್ಲ ಎಂದಳಂತೆ. ಅವರು, "ಇನ್ನು ನಮ್ಮ ರಿಜಿಸ್ಟರಲ್ಲಿ ಎಷ್ಟು ವೈಟ್‌ನರ್ ಬೀಳುತ್ತೋ" ಎಂದು ತಮ್ಮ ಜೇಬಿನ ಪೆನ್ನು ತೆಗೆದು ಅವಳಿಗೆ ಕೊಟ್ಟರಂತೆ. ಆ ಪೆನ್ನು ಹಿಡಿದು ಕುಣಿಯುತ್ತಲೇ ಮನೆಗೆ ಬಂದಳು.

ಅವಳು ಬರುವಷ್ಟರಲ್ಲಿ ನಾನು ಮಾಡಿ ಮುಗಿಸಬೇಕಾಗಿದ್ದ ಕೆಲಸವೊಂದು ಅರ್ಧದಲ್ಲಿತ್ತು. ಫ್ರಿಜ್ಜಿನ ಮೇಲಿನ ಹಾಳೆಯನ್ನು ಕಿತ್ತು, ಹರಿಯಲು ಹಿಡಿದುಕೊಂಡಿದ್ದೆ. ಹೊಸಿಲಲ್ಲೇ ನಿಂತು ನೋಡಿದಳು.

"ಹರೀಬೇಡಿ ಅತ್ತಿಗೆ."

"ನಂಗೆ ನಾಚಿಕೆಯಾಗುತ್ತೆ ಕಣೇ" ಎಂದೆ. ನಿಜವಾಗಿಯೂ ಆಗುತ್ತಿತ್ತು.

ಅವಳು ಡಾಕ್ಟರ ಪೆನ್ನನ್ನು ನನ್ನ ಕೈಗೆ ಕೊಟ್ಟಳು. ಹಾಳೆಯನ್ನು ಮತ್ತೆ ಬಾಗಿಲಿಗೆ ಅಂಟಿಸಿ, 'ಮೊಂಡಮ್ಮನಿಗೆ ಬುದ್ಧಿ ಇಲ್ಲ' ಎಂಬುದರ ಮೇಲೆ ಒಂದೇ ಗೆರೆ ಎಳೆದೆ, ಅಡಿಯಲ್ಲಿರುವುದು ಕಾಣುವ ಹಾಗೆ. ಮೇಲೆ 'ನನಗಿಂತ ಜಾಸ್ತಿ ಇದೆ' ಎಂದು ಬರೆದು, ಸಹಿ ಮಾಡಿದೆ.

"ತಾರೀಖು?" ಎಂದಳು ಮೊಂಡಮ್ಮ.

ತಾರೀಖನ್ನೂ ಹಾಕಿದೆ.